ಊರಿನ ಹಸಿರು, ಮಹಾರಾಷ್ಟ್ರದ ನಂಬರು

ಊರಿನವರು ಮುಂಬಯಿಯವರ ಹತ್ತಿರ ಏನೇನು ಕೇಳುತ್ತಾರೆ ಎಂದು ಒಂದು ಪಟ್ಟಿ ಮಾಡಿದರೆ ಸಾಕು, ಹೊರನಾಡ ಕನ್ನಡಿಗರ ಐವತ್ತು ವರ್ಷದ ಚರಿತ್ರೆ ಅದರಲ್ಲೇ ಸಿಗುತ್ತದೆ. ಮೊದಲು ಕೇಳುತ್ತಿದ್ದದ್ದು ಹುಡುಗನಿಗೊಂದು ಹೊಟೇಲು ಕೆಲಸ ಮತ್ತು ರಾತ್ರಿ ಮಲಗಲಿಕ್ಕೆ ಜಾಗ. ಆಮೇಲೆ ಟೆರಿಲಿನ್ ಶರ್ಟ್ ಪೀಸು, ಫಾರಿನ್ ಟೇಪ್ ರೆಕಾರ್ಡರು. ಆಮೇಲೆ ಟಾಟಾ ಆಸ್ಪತ್ರೆಗೆ ಬರುವವರಿಗೆ ಹದಿನೈದು ದಿನದ ವಸತಿ. ದೇವಸ್ಥಾನದ ಜೀರ್ಣೋದ್ಧಾರ, ಬ್ರಹ್ಮಕಲಶ ಎಂದು ಬರುವ ರಶೀದಿ ಪುಸ್ತಕವಂತೂ ಯಾವ ಕಾಲಕ್ಕೂ ತಪ್ಪಿದ್ದಲ್ಲ. ಇವು ಯಾವುದಕ್ಕೂ ನಾವು ಇಲ್ಲ ಎಂದವರಲ್ಲ. ಒಂದು ಕೋಣೆಯ ಮನೆಯಲ್ಲಿ ಏಳು ಜನ ಮಲಗಿದರೂ ಎಂಟನೆಯವನಿಗೆ ಚಾಪೆ ಹಾಸಿದವರು ನಾವು. ಆದರೆ ಈಗ ಹೊಸತೊಂದು ಬೇಡಿಕೆ ಬರಲಿಕ್ಕೆ ಶುರುವಾಗಿದೆ. ಇದಕ್ಕೆ ಮಾತ್ರ ಇಲ್ಲ ಎನ್ನಬೇಕು, ಎಲ್ಲರೂ ಗಟ್ಟಿಯಾಗಿ ಇಲ್ಲ ಎನ್ನಬೇಕು ಎಂದು ಹೇಳಲಿಕ್ಕೇ ಈ ಬರಹ. ಈಗ ಕೇಳುತ್ತಿರುವುದು ನಮ್ಮ ವಿಳಾಸವನ್ನು.

ಯಾತಕ್ಕೆ? ಕಾರಿಗೆ. ಎಂಥ ಕಾರಿಗೆ? ತನ್ನ ಮನಸ್ಸಿನ ಬಣ್ಣವನ್ನು ಕಂಪೆನಿಗೆ ಹೇಳಿ ಹೊಡೆಸಿದ ಕೋಟಿಗಟ್ಟಲೆ ರೂಪಾಯಿಯ ಕಾರಿಗೆ.

ನನ್ನ ಹೆಂಡತಿಯ ತಂಗಿಯ ಮಗ ಬೆಂಗಳೂರಿನಲ್ಲಿದ್ದಾನೆ. ಗೆಳೆಯರ ಜತೆ ಸೇರಿ ಸಾಫ್ಟ್‌ವೇರ್ ಕಂಪೆನಿ ಕಟ್ಟಿ, ಅದನ್ನು ದೊಡ್ಡವರಿಗೆ ಮಾರಿ, ಕೈತುಂಬ ದುಡ್ಡು ಮಾಡಿದವ. ಕೆಟ್ಟ ಚಟವಿಲ್ಲ, ಹಿರಿಯರನ್ನು ಕಂಡರೆ ಗೌರವ. ಅವನು ಕಳೆದ ವರ್ಷ ಸುಮಾರು 3 ಕೋಟಿ ರೂಪಾಯಿಯ ಒಂದು ಸ್ಪೋರ್ಟ್ಸ್ ಕಾರಿಗೆ ಆರ್ಡರ್ ಕೊಟ್ಟ. ಬಣ್ಣ ಮಾತ್ರ ಶೋರೂಮಿನ ಪಟ್ಟಿಯಲ್ಲಿ ಇದ್ದದ್ದು ಬೇಡ, ಬೇರೆಯೇ ಆಗಬೇಕು ಎಂದ. ಯಾವ ಬಣ್ಣ ಗೊತ್ತೇ? ಕಾರ್ಕಳದ ಕಡೆಯ ನಮ್ಮ ಮೂಲಮನೆಯ ಮುಂದೆ ಆಟಿಯ ಮಳೆಯಲ್ಲಿ ಕಾಣುತ್ತಿದ್ದ ನೇಜಿಯ ಹಸಿರು. ಫೋನಿನಲ್ಲಿ ಅದನ್ನು ವರ್ಣಿಸುವಾಗ ಅವನ ದನಿಯೇ ಬದಲಾಯಿತು. ಸುಳ್ಳು ಹೇಳುವುದಿಲ್ಲ, ಕೇಳಿ ನನಗೂ ಸಂತೋಷವೇ ಆಯಿತು. ಇಷ್ಟು ದುಡ್ಡು ಬಂದ ಮೇಲೂ ಹುಡುಗನಿಗೆ ನೇಜಿ ನೆನಪಿದೆಯಲ್ಲ ಎಂದು. ಆಮೇಲೆ ಅವನು ಹೇಳಿದ:

“ದೊಡ್ಡಪ್ಪ, ಒಂದು ಸಣ್ಣ ಉಪಕಾರ ಆಗಬೇಕಿತ್ತು. ನಿಮ್ಮ ಕೋಪರಖೈರಣೆ ಮನೆಯ ಲೈಟ್ ಬಿಲ್ಲು ಕಳಿಸಿ. ನಾನು ನಿಮ್ಮಲ್ಲಿ ಬಾಡಿಗೆಗೆ ಇದ್ದೇನೆ ಅಂತ ಒಂದು ಕರಾರು ಮಾಡಿಸುವ. ನೀವು ಸೈನು ಹಾಕಿದರೆ ಸಾಕು, ಉಳಿದದ್ದೆಲ್ಲ ಏಜೆಂಟ್ ನೋಡಿಕೊಳ್ಳುತ್ತಾನೆ.”

ಕಾರು ಓಡುವುದು ಬೆಂಗಳೂರಿನಲ್ಲಿ. ನಂಬರ್ ಪ್ಲೇಟು ಮಾತ್ರ ನವಿ ಮುಂಬಯಿಯ ಎಮ್.ಎಚ್. 43. ಊರಿನ ಹಸಿರು ಬೇಕು, ಊರಿನ ತೆರಿಗೆ ಬೇಡ! ಆಗುವುದಿಲ್ಲ ಮಾರಾಯ ಎಂದು ಅಲ್ಲಿಯೇ ಹೇಳಿದೆ. ಅಂದಿನಿಂದ ನಾದಿನಿ ನಮ್ಮ ಮನೆಗೆ ಫೋನು ಮಾಡುವುದನ್ನು ಬಿಟ್ಟಿದ್ದಾಳೆ. “ಒಂದು ಲೈಟ್ ಬಿಲ್ಲಿಗೆ ಇಷ್ಟು ಬಿಂಕವೇ ಭಾವ?” ಎಂಬುದು ಅವಳು ಕೊನೆಗೆ ಕೇಳಿದ ಮಾತು. ಅವಳಿಗೆ ಕೊಡಬೇಕಾದ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಯಾಕೆಂದರೆ ನನ್ನ ಪರಿಚಯದ ಇನ್ನೂ ಇಬ್ಬರಿಗೆ, ಒಬ್ಬರು ಡೊಂಬಿವಲಿಯವರು, ಒಬ್ಬರು ಥಾಣೆಯವರು, ಊರಿನಿಂದ ಇಂಥದ್ದೇ ಫೋನು ಬಂದಿದೆ.

ಮೊದಲಿಗೆ ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಬಣ್ಣದ ಮೇಲೆ ನನಗೆ ಸಿಟ್ಟಿಲ್ಲ. ದುಡ್ಡಿದ್ದವನು ಬೋಳು ಬಿಳಿ ಕಾರಿನಲ್ಲೇ ತಿರುಗಬೇಕು ಎಂದು ಉಪದೇಶ ಮಾಡುವ ಜಾತಿಯವನು ನಾನಲ್ಲ. ನಾನು ಬ್ಯಾಂಕಿಗೆ ಸೇರಿದ್ದು 1984ರಲ್ಲಿ. ಮಾರುತಿ ಕಾರು ಬೀದಿಗೆ ಬಂದು ಆಗಷ್ಟೇ ಕೆಲವು ತಿಂಗಳಾಗಿತ್ತು. ಆಗ ಕಾರಿಗೆ, ಸ್ಕೂಟರಿಗೆ ದುಡ್ಡು ಕಟ್ಟಿ ಸರದಿಯಲ್ಲಿ ಕಾಯಬೇಕಿತ್ತು. ಸರದಿ ಬಂದಾಗ ಯಾವ ಬಣ್ಣ ಸಿಕ್ಕಿತೋ ಅದೇ ನಮ್ಮ ಇಷ್ಟದ ಬಣ್ಣ. ಅಮೆರಿಕದಲ್ಲಿಯೂ ಹಿಂದೆ ಹೀಗೆಯೇ ಇತ್ತು. ಹೆನ್ರಿ ಫೋರ್ಡನ ಕಾರ್ಖಾನೆಯಿಂದ 1914ರಿಂದ 1925ರ ತನಕ ಮಾಡೆಲ್ ಟಿ ಕಾರು ಹೊರಬಂದದ್ದು ಕಪ್ಪಿನಲ್ಲಿ ಮಾತ್ರ. ರೇಸು ಕಾರುಗಳಲ್ಲಂತೂ ಬಣ್ಣವನ್ನು ಆರಿಸುತ್ತಿದ್ದದ್ದು ಓಡಿಸುವವನಲ್ಲ, ಅವನ ದೇಶ: ಇಟೆಲಿಗೆ ಕೆಂಪು, ಇಂಗ್ಲೆಂಡಿಗೆ ಹಸಿರು, ಫ್ರಾನ್ಸಿಗೆ ನೀಲಿ, ಜರ್ಮನಿಗೆ ಮೊದಲು ಬಿಳಿ, ಆಮೇಲೆ ಬೆಳ್ಳಿ. ಇವತ್ತು ಮನುಷ್ಯ ತನ್ನ ಬಣ್ಣವನ್ನು ತಾನೇ ಹೇಳಬಹುದು ಎಂದಾದರೆ ಅದು ಒಳ್ಳೆಯದೇ.

ಈಗಿನ ವ್ಯವಸ್ಥೆಯೂ ಕುತೂಹಲದ್ದು. ಪೋರ್ಶೆ ಕಂಪೆನಿ ಇದಕ್ಕೆ ‘ಪೇಂಟ್ ಟು ಸ್ಯಾಂಪಲ್’ ಎಂದು ಹೆಸರಿಟ್ಟಿದೆ. ಫೆರಾರಿಯವರದು ‘ಟೇಲರ್ ಮೇಡ್’, ಲಂಬೋರ್ಗಿನಿಯವರದು ‘ಆಡ್ ಪರ್ಸೋನಮ್’. ತಮ್ಮಲ್ಲಿ 44,000 ಬಣ್ಣಗಳಿವೆ ಎಂದು ರೋಲ್ಸ್ ರಾಯ್ಸ್‌ನವರು ಹೇಳಿಕೊಳ್ಳುತ್ತಾರೆ. ಹಳೆಯ ಬಣ್ಣಗಳ ದೊಡ್ಡ ಪಟ್ಟಿ ಇಟ್ಟಿರುತ್ತಾರೆ, ಅದರಿಂದ ಆರಿಸಬಹುದು. ಅದೂ ಸಾಲದಿದ್ದರೆ ನಿಮ್ಮದೇ ಮಾದರಿಯನ್ನು ಕೊಡಬಹುದು. ಆ ಬಣ್ಣ ಲೋಹದ ಮೇಲೂ ಬಂಪರಿನ ಪ್ಲಾಸ್ಟಿಕ್ಕಿನ ಮೇಲೂ ಒಂದೇ ಥರ ಕಾಣುತ್ತದೆಯೇ, ಬಿಸಿಲು ಮಳೆಗೆ ತಡೆಯುತ್ತದೆಯೇ ಎಂದು ಪರೀಕ್ಷೆ ಮಾಡುತ್ತಾರೆ. ಅದಕ್ಕೆ ತಿಂಗಳುಗಟ್ಟಲೆ ಬೇಕು. ಅದರ ಖರ್ಚು ಗಿರಾಕಿಯದ್ದೇ. ನಮ್ಮ ಹುಡುಗ ಬಣ್ಣವೊಂದಕ್ಕೇ ಕೊಡುವ ಹೆಚ್ಚಿನ ದುಡ್ಡಿಗೆ ಒಂದು ಒಳ್ಳೆಯ ಮಾರುತಿ ಕಾರೇ ಬರುತ್ತದೆ. ಕೊಡಲಿ. ದುಡಿದಿದ್ದಾನೆ, ಕೊಡುತ್ತಾನೆ.

ಆದರೆ ‘ಅವನ ದುಡ್ಡು, ಅವನ ಬಣ್ಣ, ನಿನಗೇನು?’ ಎಂದು ಕೇಳುವವರಿಗೆ ನಾನು ಕೇಳುವುದು ಇಷ್ಟೇ. ಬಣ್ಣಕ್ಕೆ ಕೊಡಲಿಕ್ಕೆ ಕೈ ನಡುಗದವನಿಗೆ ರಸ್ತೆಗೆ ಕೊಡಲಿಕ್ಕೆ ಯಾಕೆ ಕೈ ನಡುಗಬೇಕು?

ಲೆಕ್ಕ ನೋಡಿ. ನಾನು ಎಂ.ಕಾಂ. ಓದಿದವನು, ಲೆಕ್ಕವಿಲ್ಲದೆ ಜಗಳಕ್ಕೆ ಇಳಿಯುವುದಿಲ್ಲ. ಸಂವಿಧಾನದಲ್ಲಿ ವಾಹನ ತೆರಿಗೆ ರಾಜ್ಯಗಳಿಗೆ ಸೇರಿದ್ದು. ಹಾಗಾಗಿ ರಾಜ್ಯಕ್ಕೊಂದು ದರ. ಕರ್ನಾಟಕದಲ್ಲಿ 20 ಲಕ್ಷಕ್ಕಿಂತ ಹೆಚ್ಚು ಬೆಲೆಯ ಕಾರಿಗೆ ಆಜೀವ ತೆರಿಗೆ ನೂರಕ್ಕೆ 18, ಅದರ ಮೇಲೆ ಸೆಸ್ಸು ಬೇರೆ. ಮಹಾರಾಷ್ಟ್ರದಲ್ಲಿ ಅಂಥ ಪೆಟ್ರೋಲ್ ಕಾರಿಗೆ ನೂರಕ್ಕೆ 13. ಇಷ್ಟೇ ಆಗಿದ್ದರೆ ವ್ಯತ್ಯಾಸ ದೊಡ್ಡದಲ್ಲ. ಮಜಾ ಇರುವುದು ಮುಂದೆ. ಮಹಾರಾಷ್ಟ್ರದಲ್ಲಿ ತೆರಿಗೆಗೆ ಒಂದು ಮೇಲ್ಮಿತಿ ಉಂಟು. ಕಾರಿನ ಬೆಲೆ ಎಷ್ಟು ಕೋಟಿಯಾದರೂ ತೆರಿಗೆ 20 ಲಕ್ಷ ದಾಟುತ್ತಿರಲಿಲ್ಲ. 2025ರ ಜುಲೈ 1ರಿಂದ ಅದನ್ನು 30 ಲಕ್ಷಕ್ಕೆ ಏರಿಸಿದರು. 3 ಕೋಟಿಯ ಕಾರಿಗೆ ಕರ್ನಾಟಕದಲ್ಲಿ ಸೆಸ್ಸು ಬಿಟ್ಟು 54 ಲಕ್ಷ, ಇಲ್ಲಿ 30 ಲಕ್ಷ. ನನ್ನ ಒಂದು ಲೈಟ್ ಬಿಲ್ಲಿನ ಬೆಲೆ ಆ ಹುಡುಗನಿಗೆ 24 ಲಕ್ಷ! ನಿವೃತ್ತನಾಗುವಾಗ ಬ್ಯಾಂಕು ನನಗೆ ಕೊಟ್ಟ ಗ್ರಾಚ್ಯುಯಿಟಿ ಇಷ್ಟಿರಲಿಲ್ಲ.

ಈ ಮೇಲ್ಮಿತಿ ಎಂಬುದು ಎಂಥ ಅನ್ಯಾಯ ಎಂಬುದಕ್ಕೆ ಎಲ್ಲರಿಗೂ ಗೊತ್ತಿರುವ ಒಂದು ಉದಾಹರಣೆ ಕೊಡುತ್ತೇನೆ. 2022ರ ಜನವರಿಯಲ್ಲಿ ರಿಲಯನ್ಸ್ ಇಂಡಸ್ಟ್ರೀಸ್ ಕಂಪೆನಿ ಮುಂಬಯಿಯ ತಾಡದೇವ್ ಆರ್.ಟಿ.ಓ.ದಲ್ಲಿ ಒಂದು ರೋಲ್ಸ್ ರಾಯ್ಸ್ ಕಲಿನನ್ ಕಾರನ್ನು ನೋಂದಾಯಿಸಿತು. ಪತ್ರಿಕೆಗಳಲ್ಲಿ ಬಂದ ಬೆಲೆ 13.14 ಕೋಟಿ ರೂಪಾಯಿ. 2018ರಲ್ಲಿ ಆ ಮಾದರಿ ಬಿಡುಗಡೆಯಾದಾಗಿನ ಮೂಲಬೆಲೆ 6.95 ಕೋಟಿ. ಇಷ್ಟದ ಪ್ರಕಾರ ಮಾಡಿಸಿಕೊಂಡ ಬದಲಾವಣೆಗಳಿಂದ ಬೆಲೆ ಅಷ್ಟು ಏರಿತು ಎಂದು ಆಗ ವರದಿಯಾಗಿತ್ತು. ಬಣ್ಣದ ಹೆಸರು ‘ಟಸ್ಕನ್ ಸನ್’, ಇಟೆಲಿಯ ಒಂದು ಸೀಮೆಯ ಬಿಸಿಲು ಎಂದು ಅರ್ಥ. ಕೊನೆಗೆ 0001 ಇರುವ ನಂಬರಿಗೆ ಕೊಟ್ಟದ್ದು 12 ಲಕ್ಷ. ಇಡೀ ಕಾರಿಗೆ ಕಟ್ಟಿದ ಒಂದು ಸಲದ ತೆರಿಗೆ 20 ಲಕ್ಷ. ಇದರಲ್ಲಿ ಕಾನೂನು ತಪ್ಪಿದವರು ಯಾರೂ ಇಲ್ಲ. ಕಾನೂನೇ ಹಾಗಿತ್ತು. ನೂರು ರೂಪಾಯಿಗೆ ಒಂದೂವರೆ ರೂಪಾಯಿ ತೆರಿಗೆ ಬಿತ್ತು. ಅದೇ ನಮ್ಮ ಸೆಕ್ಟರಿನ ಮೇಷ್ಟ್ರೊಬ್ಬರು ಸಾಲ ಮಾಡಿ 8 ಲಕ್ಷದ ಪೆಟ್ರೋಲ್ ಕಾರು ತಂದರೆ ನೂರಕ್ಕೆ 11ರಂತೆ 88,000 ಕಟ್ಟಬೇಕು. ಅವರಿಗೆ ಮೇಲ್ಮಿತಿಯ ರಿಯಾಯಿತಿ ಇಲ್ಲ. ಕಾರು ದೊಡ್ಡದಾದಷ್ಟೂ ತೆರಿಗೆಯ ದರ ಇಳಿಯುವ ಈ ಅರ್ಥಶಾಸ್ತ್ರ ನಮ್ಮ ಎಂ.ಕಾಂ. ಪುಸ್ತಕದಲ್ಲಿ ಇರಲಿಲ್ಲ.

ಇಂಥ ಕಾರುಗಳಲ್ಲಿ ಹಲವು ಇರುವುದು ಕಂಪೆನಿಯ ಹೆಸರಿನಲ್ಲಿ. ಬಣ್ಣದ ಖರ್ಚು ಕಾರಿನ ಬೆಲೆಗೆ ಸೇರುತ್ತದೆ. ವ್ಯವಹಾರಕ್ಕೆ ಬಳಸುವ ಕಾರು ಎಂದು ವರ್ಷ ವರ್ಷ ನೂರಕ್ಕೆ 15ರಂತೆ ಸವಕಳಿ ಬರೆದು ಆದಾಯ ತೆರಿಗೆಯಲ್ಲಿ ಅಷ್ಟು ಕಡಿಮೆ ಮಾಡಿಕೊಳ್ಳಬಹುದು. ಅಂದರೆ ಆ ಬಣ್ಣದಲ್ಲಿ ಸರಕಾರದ, ಅರ್ಥಾತ್ ನಮ್ಮ ನಿಮ್ಮ, ಒಂದು ಪಾಲು ಉಂಟು. ಪಿಂಚಣಿಯವನು ತನ್ನ ಸ್ವಂತ ಮನೆಯ ಗೋಡೆಗೆ ಡಿಸ್ಟೆಂಪರ್ ಹೊಡೆಸಿದರೆ ಒಂದು ಪೈಸೆ ಬಿಡುವವರಿಲ್ಲ. ‘ಅವನ ದುಡ್ಡು, ಅವನ ಬಣ್ಣ’ ಎಂಬ ಮಾತು ಅಷ್ಟು ಸಲೀಸಲ್ಲ ಸ್ವಾಮೀ.

ಬಣ್ಣವನ್ನು ಆರಿಸುವ ಸ್ವಾತಂತ್ರ್ಯ ಯಾರಿಗಿದೆ ಎಂಬುದನ್ನೂ ಸ್ವಲ್ಪ ನೋಡಿ. ದೇಶದ ಅತಿ ಶ್ರೀಮಂತನಿಗೂ ಸರಕಾರ ಒಂದು ಬಣ್ಣವನ್ನು ಕೊಡುವುದಿಲ್ಲ: ಸೈನ್ಯದ ಆಲಿವ್ ಹಸಿರು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೆಯ ನಿಯಮದಲ್ಲಿ ಅದು ರಕ್ಷಣಾ ಇಲಾಖೆಯ ವಾಹನಗಳಿಗೇ ಮೀಸಲು. ಉಳಿದ ಬಣ್ಣವೆಲ್ಲ ಅವನದು. ಆದರೆ ಕೋಪರಖೈರಣೆ ಸ್ಟೇಷನ್ನಿನ ಹೊರಗೆ ನಿಲ್ಲುವ ರಿಕ್ಷಾದವನಿಗೆ? ಕಪ್ಪು ಹಳದಿ ಎಂದು ಪರ್ಮಿಟ್ಟೇ ಹೇಳುತ್ತದೆ. ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳು ದಶಕಗಟ್ಟಲೆ ಅದೇ ಕಪ್ಪು ಹಳದಿಯಲ್ಲಿ ಓಡಿ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಹೋದವು. ಮುಂಬಯಿಗೆ ಬಂದ ಪರದೇಶಿಗೆ ಶಹರ ಮೊದಲು ಕೊಡುವುದೇ ಒಂದು ಬಣ್ಣ. ಕ್ಯಾಂಟೀನ್ ಹುಡುಗನಿಗೆ ನೀಲಿ ಶರ್ಟು, ಟ್ಯಾಕ್ಸಿಯವನಿಗೆ, ಬ್ಯಾಂಕಿನ ಜವಾನನಿಗೆ ಖಾಕಿ. ನಿನ್ನಿಷ್ಟ ಏನು ಎಂದು ಯಾರೂ ಕೇಳುವುದಿಲ್ಲ. ಅದೇ ಬಣ್ಣದಲ್ಲಿ ಹಗಲು ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದವರು ನಮ್ಮವರಲ್ಲಿ ಸಾವಿರಾರು ಜನ.

ಈಗ ವಿಳಾಸದ ವಿಷಯಕ್ಕೆ ಬರುತ್ತೇನೆ. ನಾದಿನಿಗೆ ಗೊತ್ತಿಲ್ಲದ್ದು ಇದು. ಊರಿನಲ್ಲಿ ಹುಟ್ಟಿದವನಿಗೆ ವಿಳಾಸ ಎಂಬುದು ಹುಟ್ಟಿನೊಂದಿಗೇ ಬರುತ್ತದೆ. ಅಜ್ಜನ ಹೆಸರು, ಮನೆಯ ಹೆಸರು, ಅಂಚೆ ಎಂದು ಬರೆದರೆ ಕಾಗದ ಬಂದು ಮುಟ್ಟುತ್ತದೆ. ಇಲ್ಲಿ ವಿಳಾಸವನ್ನು ದುಡಿಯಬೇಕು. ನಾನು 1986ರಲ್ಲಿ ವರ್ಗವಾಗಿ ಬಂದಾಗ ಕೋಟೆಯಲ್ಲಿ ಐದು ಜನರ ಕೋಣೆ. ನನ್ನ ಕಾಗದಗಳು ಇನ್ನೊಬ್ಬರ ‘ಕೇರ್ ಆಫ್’ನಲ್ಲಿ. ಮದುವೆಯ ನಂತರ ಡೊಂಬಿವಲಿಯಲ್ಲಿ ಹನ್ನೊಂದು ತಿಂಗಳ ಕರಾರು, ಅದು ಮುಗಿದರೆ ಕಲ್ಯಾಣದಲ್ಲಿ ಇನ್ನೊಂದು ಹನ್ನೊಂದು ತಿಂಗಳು. ಟ್ರಂಕು, ಸ್ಟೌ, ಮಗುವಿನ ತೊಟ್ಟಿಲು ಟೆಂಪೋದಲ್ಲಿ ಹಾಕಿಕೊಂಡು ತಿರುಗಿದ್ದೇ ತಿರುಗಿದ್ದು. ರೇಶನ್ ಕಾರ್ಡಿನಲ್ಲಿ ಹೆಸರು ಬದಲಿಸಲಿಕ್ಕೆ ಎಷ್ಟು ರಜೆ ಹಾಕಿದ್ದೇನೋ ಲೆಕ್ಕವಿಲ್ಲ. 1994ರಲ್ಲಿ ಬ್ಯಾಂಕಿನ ಸಾಲದಿಂದ ಕೋಪರಖೈರಣೆಯಲ್ಲಿ ಸಿಡ್ಕೋದ ಸಣ್ಣ ಮನೆ ಕೊಂಡಾಗ ಇಲ್ಲಿಗೆ ರೈಲು ಇರಲಿಲ್ಲ. ಥಾಣೆಯಿಂದ ವಾಶಿಗೆ ಹೋಗುವ ರೈಲು ಬಂದದ್ದು 2004ರ ನವೆಂಬರಿನಲ್ಲಿ. ಅಲ್ಲಿಯ ತನಕ ಬಸ್ಸಿಗೆ ನೇತಾಡಿಕೊಂಡು ವಾಶಿಗೆ ಹೋಗಿ ಅಲ್ಲಿಂದ ಲೋಕಲ್ ಹಿಡಿಯಬೇಕಿತ್ತು. ಆ ಮನೆಗೆ ನನ್ನ ಹೆಸರಿನಲ್ಲಿ ಮೊದಲ ಲೈಟ್ ಬಿಲ್ಲು ಬಂದ ದಿನ ನನ್ನ ಹೆಂಡತಿ ಅದನ್ನು ದೇವರ ಮುಂದೆ ಇಟ್ಟಿದ್ದಳು. ನಗಬೇಡಿ, ನಿಜವಾಗಿಯೂ ಇಟ್ಟಿದ್ದಳು.

ಬ್ಯಾಂಕಿನ ಕೌಂಟರಿನಲ್ಲಿ ಕೂತು ಇದರ ಇನ್ನೊಂದು ಮುಖವನ್ನೂ ನೋಡಿದ್ದೇನೆ. ಖಾತೆ ತೆರೆಯಲಿಕ್ಕೆ ವಿಳಾಸದ ಪುರಾವೆ ಬೇಕೇ ಬೇಕು ಎಂಬ ಕಾಲದಲ್ಲಿ ಎಷ್ಟೋ ಹೊಟೇಲು ಹುಡುಗರು ಕೈಯಲ್ಲಿ ನೋಟು ಹಿಡಿದುಕೊಂಡು ಬಂದು ಹಾಗೇ ವಾಪಸು ಹೋದರು. ಮಲಗುವುದು ಹೊಟೇಲಿನ ಮೇಜಿನ ಮೇಲೆ, ಪುರಾವೆ ಎಲ್ಲಿಂದ ತರುವುದು? ಬಡವನ ಹತ್ತಿರ ವಿಳಾಸವಿಲ್ಲ ಎಂದು ಅವನ ಉಳಿತಾಯಕ್ಕೆ ಬಾಗಿಲು ಹಾಕಿದ ದೇಶದಲ್ಲಿ, ಬೆಂಗಳೂರಿನಲ್ಲಿ ಎರಡು ಮನೆ ಇದ್ದವನು ಮೂರನೆಯ ವಿಳಾಸವನ್ನು ನಮ್ಮಿಂದ ಎರವಲು ಪಡೆಯುತ್ತಾನೆ. ಇದನ್ನು ಸಣ್ಣ ಉಪಕಾರ ಎನ್ನಬೇಕೇ?

ಈ ಎರವಲು ಹೊಸತೇನಲ್ಲ. 2017ರಲ್ಲಿ ಕೇರಳದಲ್ಲಿ ಸಿನಿಮಾದವರ ಹೆಸರೂ ಸೇರಿ ದೊಡ್ಡ ಗದ್ದಲವಾಯಿತು. ಕೇರಳದಲ್ಲಿ ಓಡುವ ದುಬಾರಿ ಕಾರುಗಳಿಗೆ ಪುದುಚೇರಿಯ ವಿಳಾಸ ಕೊಟ್ಟು ನೋಂದಾಯಿಸಿದ್ದಾರೆ ಎಂಬ ಆರೋಪ. ನಮ್ಮಲ್ಲಿಯೂ 2025ರ ಫೆಬ್ರವರಿಯಲ್ಲಿ ಸಾರಿಗೆ ಇಲಾಖೆಯವರು ಬೆಂಗಳೂರಿನಲ್ಲಿ ತೆರಿಗೆ ಕಟ್ಟದೆ ಓಡುತ್ತಿದ್ದ ಹೊರರಾಜ್ಯದ ದುಬಾರಿ ಕಾರುಗಳನ್ನು ಹಿಡಿದು ನಿಲ್ಲಿಸಿದರು. ಅದೇ ವರ್ಷ ಜುಲೈಯಲ್ಲಿ ಮಹಾರಾಷ್ಟ್ರದ ನಂಬರಿನ ಒಂದು ಕೆಂಪು ಫೆರಾರಿ ಜಯನಗರದ ಆರ್.ಟಿ.ಓ.ದವರ ಕಣ್ಣಿಗೆ ಬಿತ್ತು. ಅದರ ಮಾಲಿಕರು ತೆರಿಗೆ, ದಂಡ ಎಲ್ಲ ಸೇರಿ ಸುಮಾರು 1.42 ಕೋಟಿ ರೂಪಾಯಿ ಕಟ್ಟಿದರು. ಒಂದೇ ಕಾರಿನಿಂದ!

ಇದಕ್ಕೆ ಎದುರು ವಾದಗಳು ಇಲ್ಲವೆಂದಲ್ಲ. ಹುಡುಗ ನನ್ನ ಹತ್ತಿರ ಎರಡು ವಾದ ಹೇಳಿದ. ಒಂದು, ಒಂದೇ ದೇಶದಲ್ಲಿ ಎಲ್ಲಿ ನೋಂದಾಯಿಸಿದರೇನು ಎಂಬುದು. ನೌಕರಿಗಾಗಿ ರಾಜ್ಯದಿಂದ ರಾಜ್ಯಕ್ಕೆ ತಿರುಗುವವರ ಕಷ್ಟ ನಿಜ. ಬ್ಯಾಂಕಿನವರಾದ ನಮಗೆ ಅದು ಗೊತ್ತಿದ್ದಷ್ಟು ಯಾರಿಗೂ ಗೊತ್ತಿಲ್ಲ. ಅಂಥವರಿಗಾಗಿಯೇ 2021ರಲ್ಲಿ ಬಿ.ಎಚ್. ಸರಣಿಯ ನಂಬರು ಬಂತು. ಉಳಿದವರಿಗೆ ಮೋಟಾರು ವಾಹನ ಕಾಯಿದೆ ಹೇಳುವುದು ಸರಳವಾಗಿದೆ: ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ವಾಹನ ಇಟ್ಟರೆ ಅಲ್ಲಿಯ ನಂಬರು ತೆಗೆದುಕೊಳ್ಳಬೇಕು. ಒಂದು ದಿನವೂ ಕೋಪರಖೈರಣೆಯಲ್ಲಿ ನಿಲ್ಲದ ಕಾರಿಗೆ ಕೋಪರಖೈರಣೆಯ ವಿಳಾಸ ಬರೆಯುವುದು ದೇಶದ ಏಕತೆಯಲ್ಲ, ಸುಳ್ಳು ಘೋಷಣೆ. ಅದಕ್ಕೆ ನಾನು ಸೈನು ಹಾಕಬೇಕಂತೆ. ಮೂವತ್ತಾರು ವರ್ಷ ಬೇರೆಯವರ ಸೈನು ಸರಿಯಿದೆಯೇ ಎಂದು ನೋಡಿ ಸಂಬಳ ತೆಗೆದುಕೊಂಡವನು ನಾನು.

ಎರಡನೆಯದು, ಕರ್ನಾಟಕದ ತೆರಿಗೆ ಬಹಳ ಹೆಚ್ಚು ಎಂಬುದು. ಇರಬಹುದು, ನೂರಕ್ಕೆ 18 ಕಡಿಮೆಯೇನಲ್ಲ. ಹಾಗಾದರೆ ವಿಧಾನಸೌಧದ ಮುಂದೆ ಹೋಗಿ ಕೇಳಿ, ಪತ್ರಿಕೆಗೆ ಬರೆಯಿರಿ, ನ್ಯಾಯಾಲಯಕ್ಕೆ ಹೋಗಿ. ಇವರಲ್ಲಿ ದುಡ್ಡು, ವಕೀಲರು, ಮಂತ್ರಿಗಳ ಪರಿಚಯ ಎಲ್ಲವೂ ಉಂಟು. ಆ ದಾರಿ ಬಿಟ್ಟು ದೊಡ್ಡಪ್ಪನ ಟಪ್ಪಾಲು ಡಬ್ಬಿಯೊಳಗೆ ಕೈ ಹಾಕುವುದು ಯಾಕೆ?

ನೇಜಿಯ ಹಸಿರು ನಿಜವಾಗಿ ಇರುವುದು ನಮ್ಮ ಉಡುಪಿ ಜಿಲ್ಲೆಯ ಗದ್ದೆಗಳಲ್ಲಿ. ಆ ಗದ್ದೆಗಳ ನಡುವಿನ ಹಳ್ಳ ದಾಟಲಿಕ್ಕೆ ಇರುವುದು ಕಾಲುಸಂಕ. 2022ರ ಮಳೆಗಾಲದಲ್ಲಿ ಬೈಂದೂರು ತಾಲೂಕಿನಲ್ಲಿ ಶಾಲೆಯಿಂದ ಮನೆಗೆ ಹೋಗುತ್ತಿದ್ದ ಎರಡನೆಯ ತರಗತಿಯ ಹುಡುಗಿ ಕಾಲುಸಂಕದಿಂದ ಬಿದ್ದು ನೀರುಪಾಲಾದಳು. ಪತ್ರಿಕೆಯಲ್ಲಿ ಓದಿ ನಾವಿಲ್ಲಿ ಮರುಗಿದೆವು, ಅವರು ಅಲ್ಲಿ ಮರುಗಿದರು. ವಾಹನ ತೆರಿಗೆಯ ದುಡ್ಡು ನೇರ ಕಾಲುಸಂಕಕ್ಕೇ ಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ಬೊಕ್ಕಸಕ್ಕೆ ಹೋದ ದುಡ್ಡು ಎಲ್ಲೆಲ್ಲಿ ಸೋರುತ್ತದೆ ಎಂಬುದೂ ನನಗೆ ಗೊತ್ತು. ಆದರೆ ಬೊಕ್ಕಸಕ್ಕೇ ಬಾರದ ದುಡ್ಡಿನಿಂದ ಸಂಕ ಆಗುವುದಿಲ್ಲ ಎಂಬುದು ಅದಕ್ಕಿಂತ ಖಂಡಿತ. ಬಣ್ಣಕ್ಕಾಗಿ ಗದ್ದೆಯನ್ನು ನೆನೆಯುವವನು ಸಂಕಕ್ಕಾಗಿಯೂ ಒಮ್ಮೆ ನೆನೆಯಲಿ.

ಹಾಗಾಗಿ ಮೂರು ಮಾತು ಹೇಳಿ ಮುಗಿಸುತ್ತೇನೆ. ಮಹಾರಾಷ್ಟ್ರ ಸರಕಾರ ಈ ಮೇಲ್ಮಿತಿಯನ್ನು 20ರಿಂದ 30ಕ್ಕೆ ಏರಿಸಿದ್ದು ಸಾಲದು, ತೆಗೆದೇ ಹಾಕಬೇಕು. ಇಲ್ಲಿ ಮತ ಹಾಕುವವನಾಗಿ ಇದನ್ನು ಕೇಳುವ ಹಕ್ಕು ನನಗಿದೆ. ಇಲ್ಲಿರುವ ನಮ್ಮವರಿಗೆ ನನ್ನ ಮಾತು: ಊರಿನವರಿಗೆ ಮನೆ ಕೊಡಿ, ಊಟ ಕೊಡಿ, ಆಸ್ಪತ್ರೆಗೆ ಜತೆಗೆ ಹೋಗಿ, ಲೈಟ್ ಬಿಲ್ಲು ಕೊಡಬೇಡಿ. ಊರಿನಲ್ಲಿ ಇದನ್ನು ಓದುವವರಿಗೆ: ನಿಮ್ಮ ಮಕ್ಕಳು ದೊಡ್ಡ ಕಾರು ತೆಗೆದುಕೊಂಡರೆ ನಮಗೆ ಹೊಟ್ಟೆಯುರಿ ಇಲ್ಲ. ಇಷ್ಟದ ಬಣ್ಣ ಹೊಡೆಸಲಿ, ಬೇಕಾದರೆ ಅದಕ್ಕೆ ಅಜ್ಜಿಯ ಹೆಸರನ್ನೇ ಇಡಲಿ. ಆ ಬಣ್ಣದ ಕೆಳಗೆ ಕೆ.ಎ. ಎಂದು ಬರೆದಿರಲಿ.